ತಡೆದ ಕಾರನ್ನು ಎಷ್ಟು ಹೊತ್ತು ನಿಲ್ಲಿಸಿಕೊಳ್ಳಬಹುದು?

2012ರ ಮಾರ್ಚ್ 27, ನಡುರಾತ್ರಿ ಕಳೆದು ಆರು ನಿಮಿಷ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಹೆದ್ದಾರಿಯಲ್ಲಿ ಹೋಗುತ್ತಿದ್ದ ವಾಹನವೊಂದು ಒಂದೆರಡು ಸೆಕೆಂಡು ರಸ್ತೆಯಂಚಿಗೆ ಸರಿದು ಥಟ್ಟನೆ ಒಳಗೆ ಬಂದದ್ದನ್ನು ಕಂಡ ಪೊಲೀಸ್ ಅಧಿಕಾರಿಯೊಬ್ಬರು ಅದನ್ನು ತಡೆದರು. ಗುಂಡಿ ತಪ್ಪಿಸಲು ಹೋಗಿ ಹಾಗಾಯಿತೆಂದು ಚಾಲಕ ಡೆನ್ನಿಸ್ ರೋಡ್ರಿಗಸ್ ಹೇಳಿದರು. ದಾಖಲೆಗಳ ಪರಿಶೀಲನೆಯೆಲ್ಲ ಮುಗಿದು ಎಚ್ಚರಿಕೆ ಪತ್ರ ಅವರ ಕೈಸೇರುವಾಗ ಗಂಟೆ 12.27 ಅಥವಾ 12.28. ಆಮೇಲೆ ಅಧಿಕಾರಿ, ತಮ್ಮ ಜೊತೆಗಿದ್ದ, ಮಾದಕವಸ್ತುವನ್ನು ಮೂಸಿ ಪತ್ತೆಹಚ್ಚುವ ನಾಯಿಯನ್ನು ಕಾರಿನ ಸುತ್ತ ಓಡಾಡಿಸಲೇ ಎಂದು ಕೇಳಿದರು. ರೋಡ್ರಿಗಸ್ ಒಪ್ಪಲಿಲ್ಲ. ಇಂಜಿನ್ ಆಫ್ ಮಾಡಿಸಿ, ಅವರನ್ನು ಕೆಳಗಿಳಿಸಿ, ಮತ್ತೊಬ್ಬ ಅಧಿಕಾರಿ ಬರುವ ತನಕ ಕಾಯಿಸಿ, ನಾಯಿಯನ್ನು ಎರಡು ಸುತ್ತು ಹಾಕಿಸಲಾಯಿತು. ಎರಡನೇ ಸುತ್ತಿನ ನಡುವೆ ನಾಯಿ ಸೂಚನೆ ಕೊಟ್ಟಿತು. ಒಳಗೆ ಮೆಥಾಂಫೆಟಮೀನ್ ತುಂಬಿದ ದೊಡ್ಡ ಚೀಲ ಸಿಕ್ಕಿತು.

ಎಚ್ಚರಿಕೆ ಪತ್ರ ಕೊಟ್ಟ ಕ್ಷಣದಿಂದ ನಾಯಿಯ ಸೂಚನೆಯವರೆಗೆ ಕಳೆದ ಏಳೆಂಟು ನಿಮಿಷ ಮುಂದೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅಷ್ಟು ಸಣ್ಣ ಅವಧಿ ಅಷ್ಟು ದೂರ ಹೋದದ್ದೇಕೆಂದು ತಿಳಿಯಲು ಅದಕ್ಕೂ ಹಿಂದಿನ ಕೆಲವು ತೀರ್ಪುಗಳನ್ನು ನೋಡಬೇಕಾಗುತ್ತದೆ.

1791ರಲ್ಲಿ ಅಲ್ಲಿನ ಸಂವಿಧಾನಕ್ಕೆ ಸೇರಿದ ನಾಲ್ಕನೇ ತಿದ್ದುಪಡಿ, ಅಸಮಂಜಸವಾದ ಶೋಧ ಮತ್ತು ವಶಪಡಿಸಿಕೊಳ್ಳುವಿಕೆಯಿಂದ ಜನರ ಮೈ, ಮನೆ, ಕಾಗದಪತ್ರಗಳಿಗೆ ರಕ್ಷಣೆ ಕೊಟ್ಟಿತು. ಕಾರು ಆಗಿನ್ನೂ ಹುಟ್ಟಿರಲಿಲ್ಲ. ಪಾನನಿಷೇಧದ ಕಾಲದಲ್ಲಿ ಮಿಷಿಗನ್‌ನಲ್ಲಿ ತಡೆದ ಕಾರೊಂದರ ಸೀಟಿನ ಹೊದಿಕೆಯೊಳಗೆ 68 ಬಾಟಲಿ ಮದ್ಯ ಸಿಕ್ಕ ಕ್ಯಾರಲ್ ಪ್ರಕರಣದಲ್ಲಿ, ವಾರಂಟ್ ತರುವಷ್ಟರಲ್ಲಿ ಕಾರು ಕಣ್ಮರೆಯಾಗಬಹುದಾದ್ದರಿಂದ ಬಲವಾದ ಕಾರಣವಿದ್ದರೆ ವಾರಂಟ್ ಇಲ್ಲದೆಯೂ ಶೋಧಿಸಬಹುದೆಂದು 1925ರಲ್ಲಿ ಕೋರ್ಟ್ ಹೇಳಿತು. ಅಲ್ಲಿಂದೀಚೆಗೆ ಕಾರಿಗೆ ಮನೆಯಷ್ಟು ಮರ್ಯಾದೆ ಸಿಕ್ಕಿಲ್ಲ.

ಹಾಗೆಂದು ಮನಸ್ಸಿಗೆ ಬಂದ ಕಾರನ್ನೆಲ್ಲ ತಡೆಯುವಂತಿಲ್ಲ. ತಪ್ಪು ನಡೆದಿದೆಯೆಂಬ ಸಕಾರಣ ಸಂಶಯವಿಲ್ಲದೆ, ಬರೀ ಲೈಸೆನ್ಸ್ ನೋಡುವ ನೆಪದಲ್ಲಿ ಬಿಡಿ ಕಾರೊಂದನ್ನು ನಿಲ್ಲಿಸುವುದು ಸಲ್ಲದೆಂದು 1979ರ ಪ್ರೌಸ್ ತೀರ್ಪು ನಿರ್ಧರಿಸಿತು. ಈ ಬೇಲಿಯನ್ನು ಬಹುಮಟ್ಟಿಗೆ ಸಡಿಲಿಸಿದ್ದು 1996ರ ವ್ರೆನ್ ತೀರ್ಪು. ವಾಷಿಂಗ್ಟನ್ ನಗರದಲ್ಲಿ ಮಾದಕವಸ್ತು ದಂಧೆ ಹೆಚ್ಚಿದ್ದ ಪ್ರದೇಶದಲ್ಲಿ ಗಸ್ತಿನಲ್ಲಿದ್ದ ಮಫ್ತಿ ಪೊಲೀಸರು, ಸಿಗ್ನಲ್ ತೋರಿಸದೆ ತಿರುಗಿ ವೇಗವಾಗಿ ಹೋದ ವಾಹನವನ್ನು ತಡೆದಿದ್ದರು. ಒಳಗಿದ್ದ ಇಬ್ಬರೂ ಕಪ್ಪುಜನರು. ಸಂಚಾರ ನಿಯಮ ಬರೀ ನೆಪ ಎಂಬುದು ಅವರ ವಾದ. ನಿಯಮ ಮುರಿದದ್ದು ನಿಜವಾದರೆ ಸಾಕು, ನಾಲ್ಕನೇ ತಿದ್ದುಪಡಿಯ ದೃಷ್ಟಿಯಿಂದ ಅಧಿಕಾರಿಯ ಮನಸ್ಸಿನಲ್ಲಿ ಏನಿತ್ತೆಂದು ಕೆದಕಬೇಕಾಗಿಲ್ಲ ಎಂದು ನ್ಯಾಯಾಧೀಶರು ಒಮ್ಮತದಿಂದ ಹೇಳಿದರು. ಸಂಚಾರ ನಿಯಮಗಳ ಪಟ್ಟಿ ಎಷ್ಟು ಉದ್ದವೆಂದರೆ, ಅರ್ಧ ಗಂಟೆ ಬೆನ್ನುಹತ್ತಿದರೆ ಯಾವ ಚಾಲಕನಲ್ಲೂ ಒಂದಲ್ಲ ಒಂದು ತಪ್ಪು ಸಿಕ್ಕೇ ಸಿಗುತ್ತದೆ. 2014ರ ಹೈನ್ ತೀರ್ಪಿನ ನಂತರವಂತೂ ಅಧಿಕಾರಿ ಆ ನಿಯಮವನ್ನೇ ತಪ್ಪಾಗಿ ತಿಳಿದಿದ್ದರೂ, ತಪ್ಪು ಸಮಂಜಸವಾಗಿದ್ದರೆ ತಡೆ ಕಾನೂನುಬದ್ಧವೆನಿಸುತ್ತದೆ.

ತಡೆಯುವ ಕಾರಣದ ಮೇಲಿನ ಹಿಡಿತ ಹೀಗೆ ಸಡಿಲವಾದ್ದರಿಂದಲೇ ತಡೆದ ಮೇಲಿನ ಗಡಿಯಾರಕ್ಕೆ ಬೆಲೆ ಬಂತು. 1977ರ ಮಿಮ್ಸ್ ಪ್ರಕರಣದಲ್ಲಿ, ಅಧಿಕಾರಿಯ ಸುರಕ್ಷತೆಗಾಗಿ ಚಾಲಕನನ್ನು ಕೆಳಗಿಳಿಯಲು ಹೇಳುವುದು ಲೆಕ್ಕಕ್ಕಿಲ್ಲದಷ್ಟು ಸಣ್ಣ ತೊಂದರೆ ಎಂದು ಕೋರ್ಟ್ ಒಪ್ಪಿತ್ತು. 2005ರ ಕಬಾಯೆಸ್ ಪ್ರಕರಣದಲ್ಲಿ, ಒಬ್ಬ ಅಧಿಕಾರಿ ಎಚ್ಚರಿಕೆ ಪತ್ರ ಬರೆಯುತ್ತಿದ್ದಾಗಲೇ ಇನ್ನೊಬ್ಬರು ನಾಯಿಯಿಂದ ಮೂಸಿಸಿದ್ದರು; ತಡೆಯ ಅವಧಿ ಹಿಗ್ಗದ ಕಾರಣ ಅದೂ ಊರ್ಜಿತವಾಯಿತು. ರೋಡ್ರಿಗಸ್ ಪ್ರಕರಣದಲ್ಲಿ, ನೆಬ್ರಾಸ್ಕಾ ಸೇರಿದಂತೆ ಕೆಲವು ರಾಜ್ಯಗಳ ಮೇಲ್ಮನವಿ ಕೇಳುವ ಎಂಟನೇ ಸರ್ಕ್ಯೂಟ್ ನ್ಯಾಯಾಲಯ ಮಿಮ್ಸ್‌ನ ತರ್ಕವನ್ನೇ ಎಳೆದು, ಏಳೆಂಟು ನಿಮಿಷವೂ ಲೆಕ್ಕಕ್ಕಿಲ್ಲದ ತೊಂದರೆ ಎಂದಿತು.

2015ರ ಏಪ್ರಿಲ್ 21ರಂದು ಸುಪ್ರೀಂ ಕೋರ್ಟ್ 6-3ರ ಬಹುಮತದಿಂದ ಈ ನಿಲುವನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ರುತ್ ಬೇಡರ್ ಗಿನ್ಸ್‌ಬರ್ಗ್ ಬರೆದ ತೀರ್ಪಿನ ಪ್ರಕಾರ, ಲೈಸೆನ್ಸ್, ನೋಂದಣಿ, ವಿಮೆ ನೋಡುವುದು ಮತ್ತು ಚಾಲಕನ ಮೇಲೆ ವಾರಂಟ್ ಇದೆಯೇ ಎಂದು ವಿಚಾರಿಸುವುದು ತಡೆಯ ಉದ್ದೇಶಕ್ಕೆ ಸೇರಿದ ಕೆಲಸ. ಅವು ಮುಗಿದಾಗ ಅಥವಾ ಸಹಜವಾಗಿ ಮುಗಿಯಬೇಕಾಗಿದ್ದಾಗ ತಡೆಯುವ ಅಧಿಕಾರವೂ ಮುಗಿಯುತ್ತದೆ. ನಾಯಿ ಮೂಸಿದ್ದು ಪತ್ರ ಕೊಡುವ ಮೊದಲೋ ಆಮೇಲೋ ಎಂಬುದು ಮುಖ್ಯವಲ್ಲ, ಅದರಿಂದ ಅವಧಿ ಹೆಚ್ಚಾಯಿತೇ ಎಂಬುದಷ್ಟೇ ಮುಖ್ಯ. ಕೆಲಸದಲ್ಲಿ ಚುರುಕಾದ ಅಧಿಕಾರಿಗೆ ಇದರಿಂದ ಕಡಿಮೆ ಸಮಯ ಸಿಕ್ಕಂತಾಗುತ್ತದೆ ಎಂದು ಭಿನ್ನಮತದಲ್ಲಿ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು, ಆದರೆ ಮಿಗಿಸಿದ ನಿಮಿಷ ಚಾಲಕನದೇ ಹೊರತು ಪೊಲೀಸರದಲ್ಲ.

ಗಡಿಯಾರಕ್ಕೂ ಬಾಗಿಲುಗಳಿವೆ. ತಡೆಯ ನಡುವೆ ಬೇರೆ ಅಪರಾಧದ ಸಕಾರಣ ಸಂಶಯ ಹುಟ್ಟಿದರೆ ಅವಧಿ ಹಿಗ್ಗಬಹುದು. ಚಾಲಕನೇ ಒಪ್ಪಿದರೂ ಅಷ್ಟೆ. ನೀವಿನ್ನು ಹೋಗಬಹುದು ಎಂದು ಮೊದಲೇ ತಿಳಿಸುವ ಹೊಣೆ ಪೊಲೀಸರ ಮೇಲಿಲ್ಲವೆಂದು 1996ರ ರಾಬಿನೆಟ್ ತೀರ್ಪು ಹೇಳಿದೆ. ರೋಡ್ರಿಗಸ್ ಅವರ ಹೆಸರಿನ ತೀರ್ಪು ದೇಶದ ಎಲ್ಲ ಚಾಲಕರಿಗೂ ಅನ್ವಯಿಸಿತು. ಅವರ ಪ್ರಕರಣ ಮಾತ್ರ ಎಂಟನೇ ಸರ್ಕ್ಯೂಟ್‌ಗೆ ಮರಳಿದಾಗ, 2012ರ ಆ ರಾತ್ರಿ ಅಧಿಕಾರಿ ಅಂದಿನ ಕಾನೂನನ್ನು ನಂಬಿ ಪ್ರಾಮಾಣಿಕವಾಗಿಯೇ ನಡೆದುಕೊಂಡಿದ್ದರೆಂಬ ಕಾರಣಕ್ಕೆ ಸಾಕ್ಷ್ಯ ಉಳಿಯಿತು, ಐದು ವರ್ಷದ ಶಿಕ್ಷೆಯೂ ಉಳಿಯಿತು.