ಡ್ರೈಯರ್ ಬಿಸಿ ಆಗ್ತಿಲ್ವಾ? ಹೀಟರ್ ಬಿಚ್ಚೋ ಮೊದಲು ಗಾಳಿ ನೋಡಿ

ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿಯಿತು ಅಂದರೆ ಹಗ್ಗದ ಮೇಲಿನ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ, ಒಣಗಿದ್ದೂ ಮುಗ್ಗಲು ವಾಸನೆ ಹೊಡೆಯುತ್ತದೆ, ಆಗ ನನಗೆ ಡ್ರೈಯರ್ ಫೋನುಗಳು ಶುರು. ಮಾತು ಹೆಚ್ಚುಕಡಿಮೆ ಒಂದೇ. "ಅಣ್ಣಾರ, ಹೀಟರ್ ಸುಟ್ಟೈತಿ ನೋಡ್ರಿ, ಹೊಸಾದು ತಗೊಂಡ ಬರ್ರಿ." ಹೋಗಿ ನೋಡಿದರೆ ಬಹಳ ಸಲ ಹೀಟರ್ ಚೆನ್ನಾಗೇ ಇರುತ್ತದೆ. ಕೆಟ್ಟಿರುವುದು ಗಾಳಿಯ ದಾರಿ, ಇಲ್ಲವೇ ವೋಲ್ಟೇಜ್.

ಬಿಸಿಗಾಳಿಯ ಡ್ರೈಯರ್ ಬಗ್ಗೆ ಹೇಳ್ತಿದ್ದೀನಿ. ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಷೀನಿನಲ್ಲಿ ಪಕ್ಕಕ್ಕಿರುವ ಸಣ್ಣ ಟಬ್ಬು ಬಟ್ಟೆ ಹಿಂಡುತ್ತದೆ ಅಷ್ಟೇ, ಅದರಲ್ಲಿ ಹೀಟರ್ ಇರುವುದೇ ಇಲ್ಲ.

ಒಳಗೆ ನಡೆಯುವುದು ಇಷ್ಟು. ಫ್ಯಾನ್ ಗಾಳಿ ಎಳೆಯುತ್ತದೆ, ಆ ಗಾಳಿ ಹೀಟರ್ ಮೇಲೆ ಹಾದು ಡ್ರಮ್ಮಿಗೆ ಹೋಗುತ್ತದೆ, ಬಟ್ಟೆಯ ತೇವ ಹೊತ್ತುಕೊಂಡು ಫಿಲ್ಟರ್ ದಾಟಿ ಪೈಪಿನಿಂದ ಹೊರಬೀಳುತ್ತದೆ. ದಾರಿ ಕಟ್ಟಿಕೊಂಡರೆ ಬಿಸಿ ಹೀಟರ್ ಹತ್ತಿರವೇ ನಿಂತುಬಿಡುತ್ತದೆ. ಅಲ್ಲಿರುವ ಥರ್ಮೋಸ್ಟಾಟ್ ಕರೆಂಟ್ ಕಡಿಯುತ್ತದೆ. ತಣ್ಣಗಾದ ಮೇಲೆ ಮತ್ತೆ ಕೊಡುತ್ತದೆ, ಮತ್ತೆ ಕಡಿಯುತ್ತದೆ. ಹೀಗಾಗಿ ಡ್ರಮ್ಮಿಗೆ ಬರುವ ಗಾಳಿ ಉಗುರುಬೆಚ್ಚಗೆ, ಬಟ್ಟೆ ಎಷ್ಟು ಹೊತ್ತಾದರೂ ಹಸಿಹಸಿ.

ಮೊದಲು ಮೋಡ್ ನೋಡಿ. ತಣ್ಣನೆ ಗಾಳಿಯ ಮೋಡಿಗೆ ಯಾರೋ ತಿರುಗಿಸಿರುತ್ತಾರೆ. ಆಮೇಲೆ ಫಿಲ್ಟರ್. "ದಿನಾ ತೆಗೀತೀವ್ರಿ" ಅಂತಾರೆ, ನಿಜವೇ, ಕಣ್ಣಿಗೆ ಕಾಣುವ ಹತ್ತಿಯಂಥ ಧೂಳು ತೆಗೆದಿರುತ್ತಾರೆ. ಆದರೆ ಜಾಳಿಗೆಯ ಮೇಲೆ ಕಂಫರ್ಟ್ ತರಹದ ಕಂಡೀಷನರಿನ ತೆಳ್ಳನೆ ಪದರ ಕೂತಿರುತ್ತದೆ, ಅದು ಕಾಣುವುದೇ ಇಲ್ಲ. ಫಿಲ್ಟರನ್ನು ನಲ್ಲಿ ಕೆಳಗೆ ಅಡ್ಡ ಹಿಡಿದು ನೀರು ಬಿಡಿ. ನೀರು ಸರಾಗ ಸೋರಿದರೆ ಸರಿ. ಮೇಲೆಯೇ ನಿಂತರೆ ಗಾಳಿಯೂ ಹಾಗೇ ನಿಲ್ಲುತ್ತಿದೆ ಅಂತ ತಿಳೀರಿ. ಹಳೇ ಟೂತ್‌ಬ್ರಷ್, ಸೋಪಿನ ನೀರು ಸಾಕು. ಪೂರ್ತಿ ಒಣಗಿಸಿ ಹಾಕಿ.

ಇನ್ನು ಹಿಂದಿನ ಪೈಪು. ಸಪ್ತಾಪುರದ ಒಂದು ಪಿಜಿಯಲ್ಲಿ ಜಾಗ ಉಳಿಸಲು ಮಷೀನನ್ನು ಗೋಡೆಗೆ ಒತ್ತಿ ನೂಕಿದ್ದರು, ಸುಮಾರು 4 ಇಂಚಿನ ಪೈಪು ಹಿಂದೆ ಚಪ್ಪಟೆಯಾಗಿ ಮಡಚಿಕೊಂಡಿತ್ತು, ಬಿಚ್ಚಿ ಕೊಡವಿದರೆ ಒದ್ದೆ ಧೂಳು ಮುದ್ದೆ ಮುದ್ದೆಯಾಗಿ ಬಿತ್ತು. ಹೀಟರ್ ಮುಟ್ಟಲೇ ಇಲ್ಲ. ಪೈಪು ಸ್ವಚ್ಛ ಮಾಡಿ ಮಷೀನನ್ನು ಗೋಡೆಯಿಂದ ಒಂದಿಷ್ಟು ಮುಂದೆ ಎಳೆದು ಇಟ್ಟೆ, ಬಿಸಿಗಾಳಿ ಬಂತು. ಹೊರಗಿನ ಬಾಯಿಯನ್ನೂ ನೋಡಿ, ಗುಬ್ಬಿ ಗೂಡು ಕಟ್ಟಿರಬಹುದು, ಮುಚ್ಚಳ ಅಂಟಿಕೊಂಡಿರಬಹುದು. ಪೈಪು ಹೊರಗೆ ಬಿಡದೆ ಕಿಟಕಿ ಮುಚ್ಚಿದ ಕೋಣೆಯಲ್ಲೇ ಬಿಟ್ಟರೆ ಮಷೀನು ಅದೇ ತೇವದ ಗಾಳಿಯನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ, ಬಟ್ಟೆ ಒಣಗುವುದಾದರೂ ಹೇಗೆ? ಪೈಪಿಲ್ಲದ, ತೇವವನ್ನು ಒಳಗೇ ನೀರಾಗಿಸುವ ಕಂಡೆನ್ಸರ್ ಮಷೀನಾದರೆ ನೀರಿನ ಟ್ಯಾಂಕ್ ಖಾಲಿ ಮಾಡಿ, ಕೆಳಗಿನ ಕಂಡೆನ್ಸರ್ ಹೊರಬರುವಂಥದ್ದಿದ್ದರೆ ಎಳೆದು ನಲ್ಲಿ ಕೆಳಗೆ ತೊಳೆಯಿರಿ.

ಗಾಳಿ ಸರಿಯಿದ್ದೂ ಬಿಸಿ ಕಡಿಮೆ, ಅದೂ ಸಂಜೆ ಹೊತ್ತು ಮಾತ್ರ ಅಂದರೆ ನನ್ನ ಅನುಮಾನ ವೋಲ್ಟೇಜ್ ಮೇಲೆ. ಹುಬ್ಬಳ್ಳಿಯ ಕೇಶ್ವಾಪುರದ ಒಂದು ಹಳೇ ಮನೆಯಲ್ಲಿ ಮಷೀನು ಬಂದ್ ಇದ್ದಾಗ ಸಾಕೆಟ್ಟಿನಲ್ಲಿ 215 ವೋಲ್ಟ್ ತೋರಿಸಿತು, ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ. ಡ್ರೈಯರ್ ಹಾಕಿದೆ, 190ಕ್ಕೆ ಇಳಿಯಿತು. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಲೆಕ್ಕಕ್ಕೆ, ತಕ್ಕಂತೆ ಇಳಿಯುತ್ತದೆ. 230 ವೋಲ್ಟಿಗೆ 2,000 ವ್ಯಾಟ್ ಕೊಡುವ ಕಾಯಿಲ್ 190ರಲ್ಲಿ ಕೊಡುವುದು ಸುಮಾರು 1,360 ವ್ಯಾಟ್ ಮಾತ್ರ. ಮೂರನೇ ಒಂದು ಪಾಲು ಬಿಸಿ ಹೋಯ್ತು ಅಲ್ವಾ? ಅದೇ ಹೊತ್ತಿಗೆ ಮೀಟರ್ ಬೋರ್ಡಿನಲ್ಲಿ ಅಳೆದರೆ 200. ಅಂದರೆ 15 ವೋಲ್ಟ್ ಹೊರಗಿನ ಲೈನಿನಲ್ಲಿ ಇಳಿದಿದೆ, ಉಳಿದ 10 ಮನೆಯೊಳಗೇ ಕಳೆದುಹೋಗುತ್ತಿದೆ. ಪ್ಲಗ್ ಎಳೆದು ಮುಟ್ಟಿದೆ, ಸುಡುತ್ತಿತ್ತು, ಒಂದು ಪಿನ್ ಕಪ್ಪಾಗಿತ್ತು. ಆ ಸಡಿಲ ಸಾಕೆಟ್ ಬದಲಿಸಿ, ತೆಳ್ಳನೆ ವೈರ್ ತೆಗೆಸಿ, ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆಸಿದೆವು. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಡ್ರೈಯರ್ ಹಾಕಬೇಡಿ, ದಯವಿಟ್ಟು. ಕರೆಂಟ್ ಇರುವಾಗ ಅಳೆಯುವ ಈ ಕೆಲಸ ಮಾತ್ರ ಎಲೆಕ್ಟ್ರಿಷಿಯನ್‌ಗೆ ಬಿಡಿ.

ಇಷ್ಟೂ ಸರಿಯಿದ್ದು ಗಾಳಿ ಪೂರಾ ತಣ್ಣಗಿದ್ದರೆ ಮಾತ್ರ ಒಳಗೆ ಕೈ ಹಾಕುವುದು. ಪ್ಲಗ್ ತೆಗೆದು, ಮಲ್ಟಿಮೀಟರನ್ನು ಓಮ್ಸ್‌ಗಿಟ್ಟು, ಅಳೆಯಬೇಕಾದ ಭಾಗದ ಒಂದು ಕಡೆಯ ವೈರ್ ಬಿಚ್ಚಿ ನೋಡಬೇಕು. 2,000 ವ್ಯಾಟಿನ ಕಾಯಿಲ್ ಸುಮಾರು 26 ಓಮ್ಸ್ ತೋರಿಸಬೇಕು. ಮೀಟರ್ ಅಲುಗದಿದ್ದರೆ ಕಾಯಿಲ್ ಕಡಿದಿದೆ. ಕೆಲವು ಮಷೀನಿನಲ್ಲಿ ಎರಡು ಕಾಯಿಲ್ ಇರುತ್ತವೆ, ಒಂದು ಹೋದರೆ ಅರ್ಧ ಬಿಸಿ. ಕಾಯಿಲ್ಲಿಗೂ ತಗಡಿನ ಬಾಡಿಗೂ ನಡುವೆ ಮೀಟರ್ ಏನಾದರೂ ತೋರಿಸಿದರೆ ಆ ಹೀಟರ್ ಬಳಸಲೇಬೇಡಿ, ಶಾಕ್ ಹೊಡೆಯಬಹುದು.

ಥರ್ಮಲ್ ಫ್ಯೂಸ್ ಅಂದರೆ ವಿಪರೀತ ಬಿಸಿಯಾದರೆ ಕರೆಂಟ್ ಕಡಿದುಬಿಡುವ ಸಣ್ಣ ಭಾಗ. ಅದು ಚೆನ್ನಾಗಿದ್ದರೆ ಮೀಟರ್ ಸೊನ್ನೆಯ ಹತ್ತಿರ ತೋರಿಸುತ್ತದೆ. ಒಮ್ಮೆ ಹೋದರೆ ಹೋಯಿತು, ಮತ್ತೆ ಕೂಡುವುದಿಲ್ಲ. ಇಲ್ಲೇ ನನಗೆ ಸಿಟ್ಟು ಬರುವುದು. ಫ್ಯೂಸ್ ತೆಗೆದು ಎರಡು ವೈರ್ ನೇರ ಜೋಡಿಸಿ ಟೇಪ್ ಸುತ್ತಿ ಹೋದವರ ಕೆಲಸವನ್ನು ನಾನು ಎಷ್ಟೋ ಕಡೆ ಬಿಚ್ಚಿದ್ದೇನೆ. ಮಷೀನು ಅವತ್ತು ಬಿಸಿಯಾಗುತ್ತದೆ, ಮನೆಯವರಿಗೂ ಖುಷಿ. ಆದರೆ ಮುಂದೆ ಗಾಳಿ ಕಟ್ಟಿಕೊಂಡು ಥರ್ಮೋಸ್ಟಾಟೂ ಕೈಕೊಟ್ಟರೆ ತಡೆಯುವುದು ಯಾವುದೂ ಇಲ್ಲ, ಒಳಗೆ ತುಂಬಿದ ಆ ಹತ್ತಿಯಂಥ ಧೂಳಿಗೆ ಬೆಂಕಿ ಹತ್ತಲು ಎಷ್ಟು ಹೊತ್ತು? ಫ್ಯೂಸ್ ಸುಮ್ನೆ ಹೋಗುವುದು ಅಪರೂಪ. ಹೊಸದು ಹಾಕಿದ ಕೂಡಲೇ ಪೈಪು, ಫ್ಯಾನು, ಥರ್ಮೋಸ್ಟಾಟ್ ಮೂರನ್ನೂ ನೋಡಲೇಬೇಕು. ಇಲ್ಲದಿದ್ದರೆ ಹೊಸದೂ ಹೋಗುತ್ತದೆ.

ಬಿಸಿ ಚೆನ್ನಾಗಿದ್ದೂ ಮಷೀನು ಬೇಗ ನಿಂತು ಬಟ್ಟೆ ಹಸಿಯೇ ಉಳಿದರೆ ಡ್ರಮ್ಮಿನೊಳಗಿನ ತೇವ ಅಳೆಯುವ ಲೋಹದ ಪಟ್ಟಿಗಳನ್ನು ಬಿಳಿ ವಿನೆಗರ್ ಹಚ್ಚಿದ ಬಟ್ಟೆಯಿಂದ ಒರೆಸಿ. ಬೋರ್‌ವೆಲ್ ಗಡಸು ನೀರಿನ ಮನೆಗಳಲ್ಲಿ ಅವುಗಳ ಮೇಲೆ ಕರೆ ಕೂರುತ್ತದೆ. ಹೀಟ್ ಪಂಪ್ ಡ್ರೈಯರ್ ತಗೊಂಡವರು ಬಟ್ಟೆ ಸುಡುಬಿಸಿ ಇಲ್ಲ ಅಂತ ಹೆದರಬೇಡಿ, ಅದು ಕಡಿಮೆ ಬಿಸಿಯಲ್ಲಿ ನಿಧಾನವಾಗಿಯೇ ಒಣಗಿಸುತ್ತದೆ.

ಕೊನೆಗೆ ನಮ್ಮ ಊರಿನದೇ ಒಂದು ಕಾರಣ. ನಲ್ಲಿಗೆ ನೀರು ಬಂದ ದಿನ ಮನೆಯ ಬಟ್ಟೆಯನ್ನೆಲ್ಲ ಒಗೆದು ಒಂದೇ ಸಲ ಡ್ರಮ್ಮಿಗೆ ತುರುಕುತ್ತೇವೆ. ಬಟ್ಟೆ ಉರುಳಲು ಜಾಗವಿಲ್ಲದಿದ್ದರೆ ಗಾಳಿ ನಡುವೆ ನುಗ್ಗುವುದಿಲ್ಲ. ಡ್ರಮ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿದರೆ ಸಾಕು. ಟವೆಲ್, ಜೀನ್ಸ್ ಬೇರೆ ಹಾಕಿ, ಮತ್ತು ವಾಷಿಂಗ್ ಮಷೀನಿನಲ್ಲಿ ಇನ್ನೊಂದು ಸಲ ಹಿಂಡಿಸಿ ತೆಗೆಯಿರಿ.