ಪದ ಪರಿಚಯ: ಪರ್ಯಾಯ ಸ್ಪೆಲಿಂಗ್

ಒಂದೇ ಧ್ವನಿಯನ್ನು ಬೇರೆ ಬೇರೆ ಪದಗಳಲ್ಲಿ ಬೇರೆ ಬೇರೆ ಅಕ್ಷರಗಳಿಂದ ಬರೆಯುವುದನ್ನು ಇಂಗ್ಲಿಷ್ ಕಲಿಸುವವರು 'ಆಲ್ಟರ್ನೇಟಿವ್ ಸ್ಪೆಲಿಂಗ್' ಎನ್ನುತ್ತಾರೆ. ಕನ್ನಡದಲ್ಲಿ ಪರ್ಯಾಯ ಸ್ಪೆಲಿಂಗ್ ಎನ್ನಬಹುದು. ಅಕ್ಷರ ಮತ್ತು ಧ್ವನಿಗಳ ನಂಟನ್ನು ಹಂತಹಂತವಾಗಿ ಕಲಿಸುವ ಫೋನಿಕ್ಸ್ ಪದ್ಧತಿಯಲ್ಲಿ, ಪ್ರತಿ ಧ್ವನಿಗೂ ಒಂದು ಬರಹರೂಪವನ್ನು ಮಗು ಕಲಿತ ಮೇಲೆ ಈ ಪಾಠ ಬರುತ್ತದೆ.

ಕನ್ನಡದ ಮಗುವಿಗೆ ಇದು ಹೊಸ ಸಂಗತಿ. ನಮ್ಮಲ್ಲಿ 'ಈ' ಸ್ವರಕ್ಕೆ ಒಂದೇ ಅಕ್ಷರ, ವ್ಯಂಜನದೊಡನೆ ಕೂಡಿದರೆ ಗುಡಿಸು ಮತ್ತು ದೀರ್ಘ, ಅಷ್ಟೇ. ಇಂಗ್ಲಿಷಿನಲ್ಲಿ ಸ್ವರಾಕ್ಷರಗಳು ಐದು, ಆದರೆ ದಕ್ಷಿಣ ಇಂಗ್ಲೆಂಡಿನ ಶಿಷ್ಟ ಉಚ್ಚಾರದಲ್ಲಿ ಸ್ವರಧ್ವನಿಗಳು ಸುಮಾರು 20. ಹೀಗಾಗಿ 'ಈ' ಧ್ವನಿಯೊಂದೇ 'ಟ್ರೀ' ಪದದಲ್ಲಿ ಎರಡು 'ಇ'ಗಳಾಗಿ, 'ಟೀ'ಯಲ್ಲಿ 'ಇ-ಎ' ಜೋಡಿಯಾಗಿ, 'ಫೀಲ್ಡ್'ನಲ್ಲಿ 'ಐ-ಇ' ಆಗಿ, 'ಕೀ'ಯಲ್ಲಿ 'ಇ-ವೈ' ಆಗಿ, 'ಮೀ'ಯಲ್ಲಿ ಒಂಟಿ 'ಇ' ಆಗಿ ಕಾಣಿಸಿಕೊಳ್ಳುತ್ತದೆ.

ಈ ಗೊಂದಲಕ್ಕೆ ಚರಿತ್ರೆಯಿದೆ. ವಿಲಿಯಂ ಕ್ಯಾಕ್ಸ್ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ ಬಳಿಕ ಸ್ಪೆಲಿಂಗ್ ಮೆಲ್ಲಗೆ ಒಂದು ನೆಲೆಗೆ ಬರತೊಡಗಿತು. ಆದರೆ ಅದೇ ಕಾಲದಲ್ಲಿ ಇಂಗ್ಲಿಷಿನ ದೀರ್ಘಸ್ವರಗಳು ಜನರ ಬಾಯಲ್ಲಿ ಬದಲಾಗುತ್ತಲೇ ಇದ್ದವು. ಭೇಟಿಯಾಗು ಎಂಬರ್ಥದ 'ಮೀಟ್' ಮತ್ತು ಮಾಂಸವೆಂಬರ್ಥದ 'ಮೀಟ್' ಒಂದು ಕಾಲಕ್ಕೆ ಎರಡು ಬೇರೆ ಉಚ್ಚಾರಗಳೇ ಆಗಿದ್ದವು. ಧ್ವನಿಗಳು ಒಂದಾದವು, 'ಇ-ಇ' ಮತ್ತು 'ಇ-ಎ' ಎಂಬ ಬರಹ ಮಾತ್ರ ಬೇರೆಯಾಗಿಯೇ ಉಳಿಯಿತು.

ಓದುವುದಕ್ಕೂ ಬರೆಯುವುದಕ್ಕೂ ಇಲ್ಲಿ ದೊಡ್ಡ ವ್ಯತ್ಯಾಸವಿದೆ. ಇಂಗ್ಲೆಂಡಿನಲ್ಲಿ 2012ರಿಂದ ಐದಾರು ವರ್ಷದ ಮಕ್ಕಳಿಗೆ ನಡೆಸುವ ಫೋನಿಕ್ಸ್ ಪರೀಕ್ಷೆಯ 40 ಪದಗಳಲ್ಲಿ 20 ಅರ್ಥವಿಲ್ಲದ, ಕಟ್ಟಿದ ಪದಗಳು. ಅಕ್ಷರಗಳ ಜೋಡಿ ಗೊತ್ತಿದ್ದರೆ ಅವನ್ನೂ ಓದಬಹುದು. ಅಂಥದೇ ಪದವನ್ನು ಹೇಳಿ ಬರೆಯಿಸಿದರೆ ಸರಿಯುತ್ತರ ಒಂದೇ ಎನ್ನುವಂತಿಲ್ಲ. ಆದ್ದರಿಂದ ಸ್ಪೆಲಿಂಗ್ ಕಲಿಸುವಾಗ ಧ್ವನಿಯ ಜೊತೆಗೆ ಪದವೂ ಅದರ ಅರ್ಥವೂ ಬೇಕೇ ಬೇಕು.

ಎಲ್ಲವೂ ಬಾಯಿಪಾಠವಲ್ಲ, ಧ್ವನಿಯ ಸ್ಥಾನವೂ ಸುಳಿವು ಕೊಡುತ್ತದೆ. 'ಏ'ಗೆ ಹತ್ತಿರದ ಧ್ವನಿ 'ರೇನ್', 'ಟೇಲ್' ಪದಗಳಂತೆ ನಡುವೆ ಬಂದಾಗ 'ಎ-ಐ' ಜೋಡಿಯೂ, 'ಡೇ', 'ಪ್ಲೇ' ಪದಗಳಂತೆ ಕೊನೆಯಲ್ಲಿ ಬಂದಾಗ 'ಎ-ವೈ' ಜೋಡಿಯೂ ಸಾಮಾನ್ಯ. 'ಕೇಕ್', 'ಗೇಮ್' ಪದಗಳಲ್ಲಿ ಕೊನೆಯ 'ಇ' ತಾನು ಮೌನವಾಗಿದ್ದು ಹಿಂದಿನ 'ಎ'ಯ ಉಚ್ಚಾರವನ್ನು ಬದಲಿಸುತ್ತದೆ. ಇದೇ ಧ್ವನಿಯನ್ನು 'ಇ-ಎ' ಜೋಡಿಯಿಂದ ಬರೆಯುವ 'ಗ್ರೇಟ್', 'ಬ್ರೇಕ್' (ಮುರಿ) ಮೊದಲಾದ ಅಪವಾದಗಳನ್ನು ಆಮೇಲೆ ಹೇಳಿಕೊಟ್ಟರೆ ಸಾಕು.

ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ಶೈಲಜಾ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ 'ಎ-ಐ' ಜೋಡಿಗೆ 'ಐ' ಎಂಬ ಉಚ್ಚಾರ. ಅದೇ ಜೋಡಿ 'ರೇನ್' ಪದದಲ್ಲಿ ಬಂದಾಗ ಮಗು 'ರೈನ್' ಎಂದು ಓದಿದರೆ ಆಶ್ಚರ್ಯವಿಲ್ಲ. ಇದನ್ನು ಶಿಕ್ಷಕರು ಮೊದಲೇ ಬಿಡಿಸಿ ಹೇಳಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

'ಟ್ರೇನ್' ಬರೆಯಲು ಹೇಳಿದಾಗ ಮಗು 'ಟಿ-ಆರ್-ಎ-ಎನ್-ಇ' ಎಂದು ಬರೆಯಿತೆನ್ನಿ. ಅದರ ಕಿವಿ ಎಲ್ಲ ಧ್ವನಿಗಳನ್ನೂ ಹಿಡಿದಿದೆ, ಮೌನ 'ಇ'ಯ ಪಾಠವೂ ನೆನಪಿದೆ; ತಪ್ಪಿರುವುದು ಜೋಡಿಯ ಆಯ್ಕೆಯೊಂದೇ. ಇಡೀ ಪದದ ಮೇಲೆ ಕೆಂಪು ಗೀಟು ಎಳೆಯದೆ, ಸರಿಯಿರುವ 'ಟಿ', 'ಆರ್', 'ಎನ್'ಗಳಿಗೆ ರೈಟ್ ಹಾಕಿ, 'ರೇನ್', 'ಟ್ರೇನ್', 'ಪೇಂಟ್' ಪದಗಳನ್ನು ಒಂದರ ಕೆಳಗೊಂದು ಬರೆಯಿಸಿ, ಮೂರರಲ್ಲೂ ಇರುವ ಜೋಡಿಗೆ ಮಗುವಿನ ಕೈಯಿಂದಲೇ ಸುತ್ತು ಹಾಕಿಸಬೇಕು.