ಲಂಡನ್–ನ್ಯೂಯಾರ್ಕ್: ದೂರ ಒಂದೇ, ಹೊತ್ತು ಎರಡು

ಭೂಮಿಯ ಮೈಮೇಲೆ ಎರಡು ಊರುಗಳ ನಡುವಿನ ಅತಿ ಚಿಕ್ಕ ಹಾದಿ ಎಂದರೆ ಅವೆರಡನ್ನೂ ಹಾದುಹೋಗುವ ಮಹಾವೃತ್ತದ (ಭೂಕೇಂದ್ರವನ್ನೇ ಕೇಂದ್ರವಾಗಿ ಉಳ್ಳ ವೃತ್ತದ) ಕಂಸ. ಸೂತ್ರ ಹೀಗಿದೆ: ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ ಇಟ್ಟುಕೊಳ್ಳಿ. ಅವುಗಳ ಕೊಸೈನ್‌ಗಳನ್ನು ಗುಣಿಸಿ, ರೇಖಾಂಶಗಳ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿ. ಎರಡನ್ನೂ ಕೂಡಿಸಿದರೆ ಭೂಕೇಂದ್ರದಲ್ಲಿ ಮೂಡುವ ಕೋನದ ಕೊಸೈನ್ ಸಿಗುತ್ತದೆ.

ಲಂಡನ್‌ನ ಹೀಥ್ರೂ ವಿಮಾನ ನಿಲ್ದಾಣ 51.5 ಡಿಗ್ರಿ ಉತ್ತರ, ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣ 40.6 ಡಿಗ್ರಿ ಉತ್ತರ. ಎರಡೂ ಪಶ್ಚಿಮ ರೇಖಾಂಶದಲ್ಲೇ ಇರುವುದರಿಂದ ಕಳೆದರೆ ಸಾಕು, ವ್ಯತ್ಯಾಸ 73.3. ಸೂತ್ರದಿಂದ ಬರುವ ಕೊಸೈನ್ 0.6452, ಕೋನ 49.82 ಡಿಗ್ರಿ. ಇಲ್ಲಿಂದ ಮುಂದಿನದು ನನಗೆ ತುಂಬ ಇಷ್ಟವಾದ ದಾರಿ: ಮಹಾವೃತ್ತದ ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ (ಹಡಗು, ವಿಮಾನಗಳ ಲೆಕ್ಕದ ಮೈಲಿ). ಆದ್ದರಿಂದ 2,989 ನಾಟಿಕಲ್ ಮೈಲಿ. ಕಿಲೋಮೀಟರ್ ಬೇಕಿದ್ದರೆ ಡಿಗ್ರಿಗೆ 111.2 ಹಿಡಿಯಿರಿ, ಸುಮಾರು 5,540 ಕಿ.ಮೀ. ಗೋಡೆಯ ನಕ್ಷೆಯಲ್ಲಿ (ಮರ್ಕೇಟರ್) ಎರಡೂ ಊರುಗಳ ನಡುವೆ ಸ್ಕೇಲ್ ಇಟ್ಟು ಎಳೆದ ಗೆರೆಯನ್ನು ಹಿಡಿದು ಹೋದರೆ ಸುಮಾರು 220 ಕಿ.ಮೀ. ಹೆಚ್ಚು ಸುತ್ತಬೇಕಾಗುತ್ತದೆ. ನಕ್ಷೆಯಲ್ಲಿ ಉತ್ತರಕ್ಕೆ ಬಾಗಿ ಕಾಣುವ ಹಾದಿಯೇ ಚಿಕ್ಕದು.

ಈಗ ಗಾಳಿ. ಈ ಹಂತದಲ್ಲಿ ಅವಸರ ಬೇಡ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಎಂದರೆ ಅದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ದೂರವನ್ನು ಭಾಗಿಸಬೇಕಾದದ್ದು ನೆಲಕ್ಕೆ ಹೋಲಿಸಿದ ವೇಗದಿಂದ. ಅಟ್ಲಾಂಟಿಕ್ ಮೇಲೆ ಜೆಟ್ ಪ್ರವಾಹ (ಬಲು ಎತ್ತರದಲ್ಲಿ ಜೋರಾಗಿ ಬೀಸುವ ಗಾಳಿ) ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಸರಾಸರಿ 100 ಕಿ.ಮೀ. ಗಾಳಿ ಎಂದುಕೊಳ್ಳೋಣ. ನ್ಯೂಯಾರ್ಕ್ ಕಡೆಗೆ ವೇಗ 800: 6 ಗಂಟೆ 56 ನಿಮಿಷ. ಲಂಡನ್ ಕಡೆಗೆ 1,000: 5 ಗಂಟೆ 32 ನಿಮಿಷ. ಎರಡೂ ಸೇರಿ 12 ಗಂಟೆ 28 ನಿಮಿಷ. ಗಾಳಿಯೇ ಇಲ್ಲದಿದ್ದರೆ ಹೋಗಿ ಬರಲು 12 ಗಂಟೆ 19 ನಿಮಿಷ ಸಾಕಿತ್ತು.

ಹೋಗುವಾಗ ಕಳೆದುಕೊಂಡ 100 ಬರುವಾಗ ಸಿಕ್ಕಿತಲ್ಲ, ಲೆಕ್ಕ ಸರಿಹೋಗಬೇಕಿತ್ತು ಎಂದು ಮನಸ್ಸು ಹಟ ಹಿಡಿಯುತ್ತದೆ. ಸರಿಹೋಗುವುದಿಲ್ಲ. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರುತ್ತದೆ, ಹಿಂಗಾಳಿಯಲ್ಲಿ ಕಡಿಮೆ ಹೊತ್ತು. ಹೀಗಾಗಿ ಗಂಟೆಗೆ 100ರ ನಷ್ಟ ಸುಮಾರು ಏಳು ಗಂಟೆ ನಡೆದರೆ ಅಷ್ಟೇ ಲಾಭ ಐದೂವರೆ ಗಂಟೆ ಮಾತ್ರ. 800 ಮತ್ತು 1,000ದ ಸರಾಸರಿ 900 ಎಂದು ಹಿಡಿದು ಭಾಗಿಸುವುದು ಇದೇ ಕಾರಣಕ್ಕೆ ತಪ್ಪು. ಎರಡು ಹೊತ್ತುಗಳನ್ನು ಬೇರೆ ಬೇರೆಯಾಗಿ ಕಂಡುಹಿಡಿದು ಆಮೇಲೆ ಕೂಡಿಸಿ. ಗಾಳಿ 200 ಆದರೆ ಗಾಳಿಯಿಲ್ಲದ ಲೆಕ್ಕಕ್ಕಿಂತ ಹೆಚ್ಚಾಗಿ ಹಿಡಿಯುವ ಹೊತ್ತು ಎರಡಲ್ಲ, ನಾಲ್ಕು ಪಟ್ಟಿಗೂ ತುಸು ಹೆಚ್ಚು. ನೀವೇ ಲೆಕ್ಕ ಮಾಡಿ ನೋಡಿ.

ಇದರಿಂದಲೇ ಉತ್ತರ ಅಟ್ಲಾಂಟಿಕ್‌ನ ವಿಮಾನ ಹಾದಿಗಳನ್ನು ಪ್ರತಿದಿನ ಗಾಳಿ ನೋಡಿ ಹೊಸದಾಗಿ ಹಾಕುತ್ತಾರೆ. ಒಂದಿಷ್ಟು ಬಳಸಿ ಹೋದರೂ ಬೇಗ ತಲುಪಬಹುದು.

ಟಿಕೆಟ್‌ನ ಸಮಯ ಸ್ಥಳೀಯ ಗಡಿಯಾರದ್ದು. ನ್ಯೂಯಾರ್ಕ್ ವರ್ಷದ ಬಹುಪಾಲು ಲಂಡನ್‌ಗಿಂತ 5 ಗಂಟೆ ಹಿಂದಿರುತ್ತದೆ. ಸಂಜೆ 7ಕ್ಕೆ ಅಲ್ಲಿ ಹೊರಟು ಬೆಳಿಗ್ಗೆ 7ಕ್ಕೆ ಲಂಡನ್ ಎಂದಿದ್ದರೆ ಪ್ರಯಾಣ 12 ಗಂಟೆಯಲ್ಲ, 7 ಗಂಟೆ. ಅದರಲ್ಲೂ ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದು ಸೇರಿರುತ್ತವೆ. ಮೇಲಿನ ಲೆಕ್ಕಕ್ಕೆ ಅದನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು.